ಎಲ್ವುಡ್ ಒರೆಸಿಟ್ಟ ವರ್ಕ್‌ಬುಕ್ಕು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಒದ್ದೆ ಬಟ್ಟೆಯ ಚೂರು.

ಎಲ್ವುಡ್ ತನ್ನ ಎಂಟು ವರ್ಷದ ಮಗಳು ಟಬಿತಾಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದ. ನರ್ಸಾಗಿದ್ದ ಹೆಂಡತಿ ಗ್ರೇಟಾ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಗೆ ಹೊರಟರೆ, ಆ ಮನೆಶಾಲೆಗೆ ಇವನೇ ಹೆಡ್‌ಮಾಸ್ಟರು, ಇವನೇ ಜವಾನ. ಸ್ಪೆಲ್ಲಿಂಗಿಗೊಂದು, ಓದಿಗೊಂದು ವರ್ಕ್‌ಬುಕ್ಕು. ಅವಳ ಹಿಂದೆಯೇ ಇಬ್ಬರು ತಂಗಿಯರು ಅದೇ ಪುಸ್ತಕಕ್ಕೆ ಸರದಿಯಲ್ಲಿದ್ದುದರಿಂದ, ಪುಟದ ಮೇಲೆ ಪ್ಲಾಸ್ಟಿಕ್ ಹಾಳೆಯಿಟ್ಟು ಮಾರ್ಕರಿನಲ್ಲಿ ಬರೆಸುತ್ತಿದ್ದ, ತಿದ್ದುತ್ತಿದ್ದ, ಒರೆಸುತ್ತಿದ್ದ. ಎರಡೂ ಸೇರಿ ನೂರ ನಲವತ್ತು ಪುಟ. ವರ್ಷವಿಡೀ ಪೂಜೆಪಾತ್ರೆ ಬೆಳಗಿದಷ್ಟು ಭಕ್ತಿಯಿಂದ ಒರೆಸಿದ್ದ.

ಪೆನ್ಸಿಲ್ವೇನಿಯಾದಲ್ಲಿ ಪ್ರತಿ ಬೇಸಿಗೆಗೆ ಪರಿಶೀಲಕರು ಮಗು ವರ್ಷವಿಡೀ ಬರೆದದ್ದನ್ನು ನೋಡಿ ಸಹಿ ಹಾಕಬೇಕು. ಅದಕ್ಕೆಂದೇ ಉಳಿದ ಮನೆಗಳವರು ಆಗೊಂದು ಈಗೊಂದು ಪುಟ ಎತ್ತಿಡುತ್ತಾರೆ. ಎಲ್ವುಡ್ಡಿಗೆ ಇದು ನೆನಪಾದದ್ದು ಜೂನ್ ಹನ್ನೊಂದರ ಬೆಳಿಗ್ಗೆ. ಪರಿಶೀಲಕಿ ಶ್ರೀಮತಿ ಕ್ಲೈನ್ ಅಂದೇ ಮೂರು ಗಂಟೆಗೆ ಬರುವವರಿದ್ದರು.

ಸಹಿ ಬೀಳದಿದ್ದರೆ ಏನೆಂದು ಗ್ರೇಟಾ ಮೊದಲೇ ಹೇಳಿದ್ದಳು. ಸ್ಕ್ರ್ಯಾಂಟನ್ನಿನಿಂದ ಅವಳ ತಾಯಿ ಹೆಸ್ಟರ್ ಬಂದು, ಇಲ್ಲೇ ಉಳಿದು, ಪಾಠ ನೋಡಿಕೊಳ್ಳುತ್ತಾರೆ. ಮೂವತ್ತನಾಲ್ಕು ವರ್ಷ ಟೀಚರಾಗಿದ್ದ ಹೆಂಗಸು. ಅಳಿಯ ಪ್ರೀತಿಯಿಂದ ಕಳಿಸಿದ ಕ್ರಿಸ್‌ಮಸ್ ಕಾಗದವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ್ದರು.

ಬೇಲಿಯಾಚೆಯಿಂದ ಎಲ್ವುಡ್‌ನ ಮುಖ ಕಂಡದ್ದೇ ಪಕ್ಕದ ಮನೆಯ ಡಾರ್ಕಸ್ ಒಳಗೆ ಬಂದಳು. ಆರು ಮಕ್ಕಳನ್ನು ಮನೆಯಲ್ಲೇ ಓದಿಸಿದವಳು. ಪುಸ್ತಕ ಬಿಡಿಸಿದಳು. ಅಂಗಡಿಯಿಂದ ಆಗತಾನೆ ತಂದಂತಿತ್ತು.

"ಒಂದು ಪುಟನಾದ್ರೂ ಬಿಡಬಾರ್ದಿತ್ತಾ ಮಾರಾಯ? ನಾನು ತಟ್ಟೆನೂ ಇಷ್ಟು ಚೆನ್ನಾಗಿ ತೊಳೆಯಲ್ಲ."

ಮಗುವಿಗೆ ಎಲ್ಲ ಬರುತ್ತದಲ್ಲ, ನಾಲ್ಕು ಪುಟ ಮತ್ತೆ ಬರೆಸಿದರೆ ಸಾಕು ಎಂದಳು. ನಾಲ್ಕು ಸಾಲದು, ಹತ್ತಾದರೂ ಬೇಕು ಎಂದ ಎಲ್ವುಡ್. ಟಬಿತಾ ಆಗಲೇ ತೋಳು ಮಡಚಿಕೊಂಡಿದ್ದಳು.

"ಎಲ್ಲಾ ಬರೀತೀನಿ ಅಪ್ಪಾ. ನೀನು ಗಡಿಯಾರ ನೋಡ್ತಿರು."

ಶುರುವಾಯಿತು. ಪ್ಲಾಸ್ಟಿಕ್ ಹಾಳೆ ಪಕ್ಕಕ್ಕಿಟ್ಟು ಡಾರ್ಕಸ್ ಪೆನ್ಸಿಲು ಹೆರೆದಳು, ಎಲ್ವುಡ್ ಪುಟ ತಿರುವಿದ, ತಂಗಿಯರು ಮೇಜಿನ ಸುತ್ತ ಕುಣಿದರು. ಓದಿನ ಪಾಠಗಳನ್ನು ಟಬಿತಾ ಪದ್ಯದಂತೆ ರಾಗವಾಗಿ ಹೇಳಿಕೊಳ್ಳುತ್ತ ಬರೆಯುವುದನ್ನು ಕೇಳಿ ಅವನ ಕಣ್ಣು ತುಂಬಿತು. ಅಷ್ಟರಲ್ಲಿ ಒಲೆಯ ಮೇಲಿನ ಜೋಳದ ಸೂಪು ತಳ ಹಿಡಿದು, ಹೊಗೆ ಕಂಡರೆ ಕೂಗುವ ಸೂರಿನ ಗಂಟೆ ಬಡಿದುಕೊಳ್ಳತೊಡಗಿತು. ಎಲ್ವುಡ್ ಕುರ್ಚಿ ಹತ್ತಿ ಅದನ್ನು ದಿಂಬಿನಿಂದ ಅಮುಕಿ ಹಿಡಿದು, ಅಲ್ಲಿಂದಲೇ ಮುಂದಿನ ಪುಟದ ಸಂಖ್ಯೆ ಕೂಗಿದ.

ಮೂರಕ್ಕೆ ಐದು ನಿಮಿಷವಿದ್ದಾಗ ಕೊನೆಯ ಪುಟ ಮುಗಿಯಿತು. ಆಗ ಡಾರ್ಕಸ್ ಪುಸ್ತಕದ ಮೂಲೆ ತೋರಿಸಿದಳು. ಪ್ರತಿ ಪುಟದ ತಲೆಯ ಮೇಲೂ ದುಂಡಗೆ "ಜೂನ್ ೧೧". ತಾರೀಖಿಲ್ಲದೆ ಬರೆಯಬಾರದೆಂದು ಕಲಿಸಿದವನು ಅಪ್ಪನೇ. ರಬ್ಬರು ಹುಡುಕುವಷ್ಟರಲ್ಲಿ ಬಾಗಿಲ ಗಂಟೆಯಾಯಿತು.

ಶ್ರೀಮತಿ ಕ್ಲೈನ್ ಪುಟ ತಿರುವಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ತಿರುವಿದರು.

"ಇಷ್ಟೂ ಇವತ್ತೇ ಬರೆದದ್ದೇನಮ್ಮಾ?"

"ಹೌದು ಮೇಡಂ. ಮಧ್ಯ ಸೂಪು ಸೀದುಹೋಯ್ತು, ಇಲ್ಲಾಂದ್ರೆ ಇನ್ನೂ ಬೇಗ ಮುಗೀತಿತ್ತು."

ಎಲ್ವುಡ್ ಇದ್ದದ್ದನ್ನು ಇದ್ದಂತೆ ಹೇಳಿದ. ಪ್ಲಾಸ್ಟಿಕ್ ಹಾಳೆ ತೋರಿಸಿದ, ಒದ್ದೆ ಬಟ್ಟೆ ತೋರಿಸಿದ, ಇದು ವರ್ಷದ ಕಲಿಕೆ ಎಂದು ಆಣೆಯಿಟ್ಟ. ಅವನು ಬಿಡಿಸಿ ಹೇಳಿದಷ್ಟೂ ಆಕೆಯ ಮುಖ ಅರಳಿತು. ಮಗಳ ಜಾಣತನವನ್ನು ಮುಚ್ಚಿಡುವ ಇಂಥ ವಿನಯದ ತಂದೆಯನ್ನು ತಾನು ನೋಡಿಯೇ ಇಲ್ಲ ಎಂದರು. ಹುಡುಗಿಗೆ ಇಪ್ಪತ್ತು ಕಷ್ಟದ ಪದ ಕೇಳಿದರು. ಇಪ್ಪತ್ತೂ ಸರಿ. ಸಹಿ ಹಾಕಿದರು.

ಎಲ್ವುಡ್ ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟ. ಶ್ರೀಮತಿ ಕ್ಲೈನ್ ಫೋನು ಹಿಡಿದು ವರಾಂಡಕ್ಕೆ ಹೋದವರು ಖುಷಿಗೆ ಕೆನ್ನೆ ಕೆಂಪಗೆ ಮಾಡಿಕೊಂಡು ವಾಪಸು ಬಂದರು.

"ವರ್ಷದ ಪಾಠ ಒಂದೇ ದಿನಕ್ಕೆ ಮುಗಿಸೋ ಮಗು ನಿಮ್ಮ ಕೈಗೆ ನಿಲ್ಲೋದಲ್ಲ, ತಪ್ಪು ತಿಳೀಬೇಡಿ. ಇಂಥವರಿಗೆ ಅಂತಾನೇ ಒಬ್ಬರಿದ್ದಾರೆ. ನಂಗೆ ಕೆಲಸ ಕಲಿಸಿದೋರು. ರಿಟೈರಾಗಿ ಸ್ಕ್ರ್ಯಾಂಟನ್ನಿನಲ್ಲಿದ್ದಾರೆ. ಈಗಷ್ಟೇ ಒಪ್ಪಿಸ್ದೆ, ನಾಳೆನೇ ಬರ್ತಾರೆ."

ಎಲ್ವುಡ್ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಪಾಪ, ವಯಸ್ಸಾದವರು, ಈ ಮನೆ ಹುಡುಕಲು ಕಷ್ಟವಾಗಬಹುದು ಎಂದು ತೊದಲಿದ.

"ಮನೆ ಗೊತ್ತಂತೆ," ಎಂದರು ಶ್ರೀಮತಿ ಕ್ಲೈನ್. "ಮಹಡಿ ಮೇಲಿನ ರೂಮಿನ ಹಾಸಿಗೆ ಮಾತ್ರ ತೀರಾ ಮೆತ್ತಗಂತೆ. ಬದಲಾಯಿಸಿಡ್ಬೇಕಂತೆ."