ಎಡಗಾಲಿನ ಆಯ್ಕೆ ಸಮಿತಿ

ಎರಡೂ ಕಾಲಿರುವ ಮನುಷ್ಯನ ಕಾಲಿನ ಬಗ್ಗೆ ಯಾರಿಗೂ ಆಸಕ್ತಿಯಿರುವುದಿಲ್ಲ. ನಲವತ್ತಮೂರು ವರ್ಷ ನಾನು ಎರಡು ಕಾಲಿನ ಮೇಲೆ ಓಡಾಡಿದೆ; ಚಪ್ಪಲಿ ಅಂಗಡಿಯವನನ್ನು ಬಿಟ್ಟರೆ ಒಬ್ಬರೂ ಅವುಗಳ ಕಡೆ ನೋಡಲಿಲ್ಲ. ತುಮಕೂರು ರಸ್ತೆಯಲ್ಲಿ ನನ್ನ ಸ್ಕೂಟರಿಗೆ ಲಾರಿ ಬಡಿದು, ಎಡಗಾಲನ್ನು ತೊಡೆಯ ಬುಡದ ಹತ್ತಿರವೇ ತೆಗೆಯಬೇಕಾಯಿತು ನೋಡಿ, ಆಮೇಲೆ ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಕಾಲಿನ ತಜ್ಞರಲ್ಲದವರು ಯಾರೂ ಉಳಿಯಲಿಲ್ಲ. ತೊಡೆಯಲ್ಲಿ ನಾಲ್ಕು ಬೆರಳಿನಷ್ಟೇ ಉಳಿದಿದೆ, ಹಾಗಾಗಿ ಕೃತಕ ಕಾಲಿನ ಜೊತೆಗೆ ಕೃತಕ ಮಂಡಿಯೂ ಬೇಕು, ಅದು ಜಾರದಂತೆ ಸೊಂಟಕ್ಕೊಂದು ಪಟ್ಟಿಯೂ ಬೇಕು ಎಂದು ಡಾಕ್ಟರು ಹೇಳಿದ್ದರು. ಇದನ್ನು ಬಂದವರಿಗೆಲ್ಲ ವಿವರಿಸಿ ವಿವರಿಸಿ ನನ್ನ ಕಾಲಿನ ಕಥೆ ನನಗೇ ಬೇಸರ ತರಿಸಿತು.

ಎದುರುಮನೆಯ ನಿವೃತ್ತ ಮೇಷ್ಟರ ಪ್ರಕಾರ, ಬೆಂಗಳೂರಿನಲ್ಲಿದ್ದುಕೊಂಡು ಕಂಪ್ಯೂಟರ್ ಇಲ್ಲದ ಮಂಡಿ ಹಾಕಿಸಿಕೊಳ್ಳುವುದು ಊರಿಗೇ ಅವಮಾನ. ಬ್ರೂಕ್‌ಫೀಲ್ಡಿನಲ್ಲಿರುವ ನನ್ನ ಬಾಮೈದ ಮೂರು ದೇಶಗಳ ಮಂಡಿಗಳನ್ನು ಹೋಲಿಸಿ ಬಣ್ಣಬಣ್ಣದ ಪಟ್ಟಿಯೊಂದನ್ನು ಕಳಿಸಿದ. ಅದರಲ್ಲಿ ಒಂದು ಮಂಡಿ ಹಿಮದ ಮೇಲೆ ಜಾರುವುದಕ್ಕೂ ಯೋಗ್ಯವಾಗಿತ್ತು. ನನ್ನ ಹೆಂಡತಿ ಶಾರದೆಯ ಬೇಡಿಕೆ ಸರಳವಾಗಿತ್ತು: ಅವಳ ಅಕ್ಕನ ಮಗಳ ಮದುವೆಯಲ್ಲಿ ಪ್ಯಾಂಟು ಎರಡೂ ಕಡೆ ನೆಟ್ಟಗೆ ಇಳಿಬಿದ್ದಿರಬೇಕು. ಊರುಗೋಲೇ ಸಾಕಲ್ಲ ಎಂದು ನಾನು ಒಮ್ಮೆ ಮೆಲ್ಲಗೆ ಹೇಳಿದ್ದಕ್ಕೆ, ಪಾಪ, ಮನಸ್ಸು ಕುಗ್ಗಿಹೋಗಿದೆ ಎಂದು ತೀರ್ಮಾನಿಸಿ ಸಂಜೆಯೊಳಗೆ ನಾಲ್ಕು ಜನ ಧೈರ್ಯ ಹೇಳಲು ಬಂದರು.

ಕಾಲು ಜೋಡಿಸುವ ಕೇಂದ್ರದಲ್ಲಿ ಬಸವರಾಜ ಎಂಬ ಬಾಗಲಕೋಟೆ ಕಡೆಯ ತಂತ್ರಜ್ಞನಿದ್ದ. ಬಾಮೈದನ ಪಟ್ಟಿಯನ್ನು ಅವನ ಮುಂದೆ ಹರಡಿದೆ. ಅವನು ಅದನ್ನು ಗೌರವದಿಂದಲೇ ಮಡಚಿ ಪಕ್ಕಕ್ಕಿಟ್ಟ.

"ಕಾಲು ಎಂಥಾದ್ದು ಅನ್ನೋದು ಆಮ್ಯಾಲೆ ನೋಡೂಣ್ರಿ ಸರ. ದಿನಾ ಎಲ್ಲೆಲ್ಲಿಗೆ ಹೋಗ್ತೀರಿ, ಅದನ್ನ ಮೊದಲ ಹೇಳ್ರಿ," ಎಂದ.

ಮೂರು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಎರಡನೇ ಮಹಡಿಯ ಬಾಡಿಗೆ ಮನೆ, ಲಿಫ್ಟಿಲ್ಲ, ಬಸ್ಸು, ಪೀಣ್ಯದ ಕಾರ್ಖಾನೆಯ ಎಣ್ಣೆ ಹಿಡಿದ ನೆಲ ಎಂದು ಒಂದೊಂದಾಗಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ನಿಂತಾಗ ಬೀಗ ಬೀಳುವ, ಕೂರುವಾಗ ಪುಟ್ಟ ಹಿಡಿಕೆ ಎಳೆದರೆ ಮಡಚುವ ಸಾದಾ ಮಂಡಿಯನ್ನೇ ಆರಿಸಿದ. ಏಳುವಾಗ 'ಟಕ್' ಎಂದು ಬೀಗ ಬಿದ್ದ ಸದ್ದು ಕೇಳಿಸಿಕೊಂಡೇ ಹೆಜ್ಜೆ ಇಡಬೇಕು, ಊರುಗೋಲನ್ನೂ ಬಿಡಬಾರದು ಎಂದ. ಮೊದಲ ದಿನ ಎರಡು ಕಂಬಿಗಳ ನಡುವೆ ಎರಡು ಸುತ್ತು ಹಾಕುವಷ್ಟರಲ್ಲಿ ಶಿವಗಂಗೆ ಬೆಟ್ಟ ಹತ್ತಿದಂತೆ ಬೆವರಿದೆ. ಶಾರದೆ ಪ್ಯಾಂಟಿನ ವಿಷಯ ಮರೆತು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು.

ನಾನು ಕೆಲಸಕ್ಕೆ ಮರಳಿದ್ದು ಕಾರ್ಖಾನೆಯವರಿಗೆ ಹಬ್ಬವಾಯಿತು. ಸನ್ಮಾನ ಮಾಡುತ್ತೇವೆ ಎಂದರು. ಕಚೇರಿಯ ಮುಂದಿನ ಜಗಲಿಯೇ ವೇದಿಕೆ. ಹಿಂದೆ 'ಅಡೆತಡೆಯಿಲ್ಲದ ಕಾರ್ಯಸ್ಥಳ' ಎಂಬ ಬ್ಯಾನರು, ಮುಂದೆ ಐದು ಮೆಟ್ಟಿಲು. ಊರುಗೋಲಿಲ್ಲದೆ ನಡೆದು ಬಂದರೆ ಎಲ್ಲರಿಗೂ ಸ್ಫೂರ್ತಿಯಾಗುತ್ತದೆ ಎಂದು ಮ್ಯಾನೇಜರು ಹೇಳಿದರು. ಸ್ಫೂರ್ತಿಗೆ ನನ್ನ ಅಡ್ಡಿಯಿಲ್ಲ, ಮೆಟ್ಟಿಲಿಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ ಎಂದೆ. ಕಂಬಿ ಹಾಕಿದರೆ ಫೋಟೋದಲ್ಲಿ ಬ್ಯಾನರಿಗೆ ಅಡ್ಡ ಬರುತ್ತದಂತೆ. ನಮ್ಮ ಕಾರ್ಖಾನೆ ತಯಾರಿಸುವುದು ಏನು ಎಂದು ನಿಮಗೆ ಹೇಳಲಿಲ್ಲ ಅಲ್ಲವೇ? ಮೆಟ್ಟಿಲಿನ ಕಂಬಿ. ಬೆಳ್ಳಂದೂರಿನ ದೊಡ್ಡ ದೊಡ್ಡ ಕಟ್ಟಡಗಳಿಗೆಲ್ಲ ನಮ್ಮದೇ ಸರಬರಾಜು. ಅವುಗಳ ಗುಣಮಟ್ಟ ಪರೀಕ್ಷಿಸುವವನು ನಾನೇ.

ಇಷ್ಟಾದರೂ ಹೊಗಳಿಕೆಯ ಆಸೆ ನೋಡಿ, ಒಪ್ಪಿಕೊಂಡೆ. ಭಾಷಣಗಳು ಮುಗಿದು ನನ್ನ ಹೆಸರು ಕರೆದಾಗ, ಮೆಟ್ಟಿಲ ಬುಡದಲ್ಲೇ ಹಾಕಿದ್ದ ಕುರ್ಚಿಯಿಂದ ಗತ್ತಿನಿಂದ ಎದ್ದೆ. ಚಪ್ಪಾಳೆಯ ಗದ್ದಲದಲ್ಲಿ 'ಟಕ್' ಕೇಳಿಸಲಿಲ್ಲ. ಕೇಳಿಸಿತೇ ಎಂದು ನಾನೂ ವಿಚಾರಿಸಲಿಲ್ಲ. ಎರಡನೇ ಮೆಟ್ಟಿಲಲ್ಲಿ ಮಂಡಿ ಮಡಚಿಕೊಂಡಿತು. ಹಿಂದಿದ್ದ ವೆಲ್ಡರ್ ಸಿದ್ದಪ್ಪ ಎರಡೂ ಕೈಯಲ್ಲಿ ಹಿಡಿಯದಿದ್ದರೆ ಈ ಪ್ರಬಂಧ ಬೇರೆಯವರು ಬರೆಯಬೇಕಾಗಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

"ಸಾರ್, ನನ್ನ ಕೈಲಿ ಆಗಲ್ಲ. ನಾನು ಇಲ್ಲೇ ಕೂತಿರ್ತೀನಿ, ನೀವೇ ಇಳಿದು ಬನ್ನಿ," ಎಂದೆ ಮ್ಯಾನೇಜರಿಗೆ.

ಮುಖ್ಯ ಅತಿಥಿಗಳಿಗೆ ಎಪ್ಪತ್ತು ದಾಟಿತ್ತು. ಅವರು ಶಾಲು ಹಿಡಿದು ಇಳಿಯತೊಡಗಿದರು. ಮೂರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಆಸರೆಗೆ ಏನೂ ಸಿಗದೆ ನನ್ನ ಭುಜವನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಫೋಟೋದಲ್ಲಿ ಯಾರು ಯಾರನ್ನು ಸನ್ಮಾನಿಸುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ.

ಮರುವಾರ ಯಾರ ಅಪ್ಪಣೆಗೂ ಕಾಯದೆ ಸಿದ್ದಪ್ಪ ಆ ಮೆಟ್ಟಿಲಿಗೆ ಕಂಬಿ ಬೆಸೆದ. ಈಗ ಮ್ಯಾನೇಜರೂ ಅದನ್ನು ಹಿಡಿದೇ ಹತ್ತುತ್ತಾರೆ. ವ್ಯವಸ್ಥೆಯನ್ನು ತಿದ್ದಿದ ಹೆಮ್ಮೆಯಲ್ಲಿ, ಬಲಗೈಯಲ್ಲಿ ಕಂಬಿ, ಎಡಗೈಯಲ್ಲಿ ಊರುಗೋಲು ಹಿಡಿದು ಒಂದು ಬೆಳಿಗ್ಗೆ ನಿಧಾನವಾಗಿ ಹತ್ತುತ್ತಿದ್ದೆ. ಹಿಂದೆ ಕ್ಯಾಂಟೀನಿನ ಗಂಗಮ್ಮ ಚಹಾದ ಫ್ಲಾಸ್ಕು ಹಿಡಿದು ನಿಂತಿದ್ದಳು. ಮಂಡಿನೋವಿನ ಹೆಂಗಸು, ಹನ್ನೆರಡು ವರ್ಷದಿಂದ ಈ ಮೆಟ್ಟಿಲುಗಳನ್ನು ಮಂಡಿಗೆ ಕೈಯೂರಿಕೊಂಡು ಹತ್ತುತ್ತಿದ್ದವಳು. ಆಗೆಲ್ಲ ಅವಳ ಹಿಂದೆ ನಿಂತು, ಬೇಗ ಹತ್ತಮ್ಮ, ದಾರಿ ಬಿಡು ಎಂದು ಗೊಣಗಿ, ಪಕ್ಕದಿಂದ ಎರಡೆರಡು ಮೆಟ್ಟಿಲು ಹಾರಿ ಹೋಗುತ್ತಿದ್ದವನು ನಾನೇ. ತಡವಾಯಿತೇನೋ ಎಂದು ನಾಚಿ ತಿರುಗಿ ನೋಡಿದೆ.

"ನಿಧಾನಕ್ಕೆ ಹತ್ತಪ್ಪ," ಎಂದಳು ಗಂಗಮ್ಮ, "ನಂಗೇನೂ ಅವಸರ ಇಲ್ಲ."