ಮಾರ್ಕಯನ್‌ಕೋಟ್ಟೈನ ತಲೆಯಿಲ್ಲದ ಇಟ್ಟಿಗೆ

ದಿನಾಂಕ: 12-2-1999

ಇಂದ:
ಮಣಿಮೇಗಲೈ, ಕಣ್ಣನ್ ಅವರ ಹೆಂಡತಿ,
ಸಂಘದ ಕಂಪ್ಯೂಟರ್ ಕೆಲಸದವಳು (ಸದ್ಯಕ್ಕೆ ಕಂಪ್ಯೂಟರ್ ಇಲ್ಲದವಳು),
ಮಾರ್ಕಯನ್‌ಕೋಟ್ಟೈ.

ಗೆ:
ಶ್ರೀ ಪಳನಿಸಾಮಿ ಅವರು, ಅಧ್ಯಕ್ಷರು,
ಎರಡೂರು ದ್ರಾಕ್ಷಿ ಬೆಳೆಗಾರರ ಸಂಘ, ಚಿನ್ನಮನೂರು.

ವಿಷಯ: ಗೋಡೆಯ ನಕ್ಷೆಯಲ್ಲಿ ಒಂದು ಇಟ್ಟಿಗೆಗೆ ತಲೆ ಇಲ್ಲದೆ ಹೋದುದರ ವಿವರಣೆ, ಕಂಪ್ಯೂಟರ್ ಕೋಣೆಯ ಬೀಗದ ಕೈ ಹಾಗೂ ವಿಚಾರಣಾ ಸಮಿತಿಯ ಬಗ್ಗೆ.

ಉಲ್ಲೇಖ:
1. ಮಹಾಸಭೆಯ ದಿನ ತಾವು ಮೇಜು ಕುಟ್ಟಿ ಹೊರಡಿಸಿದ ಆದೇಶ.
2. "ಏನಿದ್ರೂ ಬರ್ದು ಕೊಡಮ್ಮಾ, ನಮ್ ಮನೆಮಾತು ಕನ್ನಡದಲ್ಲೇ ಕೊಟ್ರೂ ಸರಿ" ಎಂದು ಬಸ್ ನಿಲ್ದಾಣದಲ್ಲಿ ತಾವು ನೀಡಿದ ಮೌಖಿಕ ಅನುಮತಿ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರಳು ತಮ್ಮ ಗಮನಕ್ಕೆ ತರುವುದೇನೆಂದರೆ:

1. ಅರ್ಜಿದಾರಳು ಹುಟ್ಟಿದ್ದು ಹನುಮಂತನಪಟ್ಟಿಯಲ್ಲಿ. ಮದುವೆಯಾಗಿ ಬಂದದ್ದು ಮಾರ್ಕಯನ್‌ಕೋಟ್ಟೈಗೆ. ಸಂಘದಲ್ಲಿರುವುದೂ ಈ ಎರಡೇ ಊರು. ಸದರಿ ಹುಟ್ಟು ಮತ್ತು ಸದರಿ ಮದುವೆ ಎರಡೂ ಆಕೆಯ ಅರ್ಜಿಯ ಮೇರೆಗೆ ನಡೆದವಲ್ಲ.

2. ಯಾವ ಊರು ಸಂಘದ ಲಾರಿಗೆ ಎಷ್ಟು ದ್ರಾಕ್ಷಿ ಹಾಕಿತು ಎಂಬುದು ಓದು ಬಾರದವರಿಗೂ ತಿಳಿಯುವಂತೆ ನಕ್ಷೆ ಮಾಡಬೇಕೆಂದು ತಾವೇ ಅಪ್ಪಣೆ ಕೊಟ್ಟಿರಿ. ಅರ್ಜಿದಾರಳು ಮೊದಲು ದುಂಡನೆಯ ನಕ್ಷೆ ಮಾಡಿದಳು. ಸದಸ್ಯರು ಅದನ್ನು ದೋಸೆ ಎಂದುಕೊಂಡು, ತಮಗೇಕೆ ಸಣ್ಣ ತುಂಡು ಎಂದು ಜಗಳ ತೆಗೆದರು. ಆಮೇಲೆ ಬರೀ ಕಂಬಗಳ ನಕ್ಷೆ ಮಾಡಿದಳು. ಅದನ್ನು ಯಾರೂ ತಿರುಗಿ ನೋಡಲಿಲ್ಲ.

3. ಹೀಗಿರಲು, ಮನೆಯಲ್ಲಿ ಮಗಳು ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಸಿಕ್ಕಿಸಿ ಆಡುತ್ತಿದ್ದುದನ್ನು ನೋಡಿ ಅರ್ಜಿದಾರಳಿಗೆ ಒಂದು ಉಪಾಯ ಹೊಳೆಯಿತು. ನೆತ್ತಿಯ ಮೇಲೆ ಎರಡು ದುಂಡನೆಯ ಉಬ್ಬು ಇರುವ ಅಂಥದೇ ಒಂದು ಇಟ್ಟಿಗೆಯನ್ನು ಕಂಪ್ಯೂಟರಿನಲ್ಲಿ ಬರೆದು, ಅದನ್ನು ನಕ್ಷೆಯ ಕಂಬಗಳಿಗೆ ತುಂಬಿದಳು. ಒಂದು ಟನ್ನಿಗೆ ಒಂದು ಇಟ್ಟಿಗೆ. ಟನ್ನು ತುಂಬದಿದ್ದರೆ ಕಂಪ್ಯೂಟರು ಇಟ್ಟಿಗೆಯನ್ನು ಮೇಲಿನಿಂದ ಕತ್ತರಿಸುತ್ತದೆ. ಅದಕ್ಕೆ ಊರು, ನೆಂಟಸ್ತನ ತಿಳಿಯದು.

ಹನುಮಂತನಪಟ್ಟಿಯ ಇಟ್ಟಿಗೆಗಳು ಸರಿಯಾಗಿ ಕೂತವು. ಮಾರ್ಕಯನ್‌ಕೋಟ್ಟೈನ ಕೊನೆಯ ಇಟ್ಟಿಗೆಗೆ ಮಾತ್ರ ಎರಡು ಉಬ್ಬೂ ಹಾರಿಹೋದವು. ಮುದ್ರಿಸಿ ತಂದ ಹಾಳೆಗೆ ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬುತ್ತಿದ್ದಾಗ ಅರ್ಜಿದಾರಳ ಗಂಡ ಕಣ್ಣನ್ ಅದನ್ನು ನೋಡಿ, "ಎರಡು ಉಬ್ಬು ತಾನೇ, ಕೈಯಲ್ಲೇ ಬರ್ದುಡು. ಯಾರು ಕೇಳ್ತಾರೆ?" ಎಂದರು.

"ಇಲ್ಲದ ದ್ರಾಕ್ಷಿಗೆ ನಾ ಎಲ್ಲಿಂದ ತಲೆ ತರ್ಲಿ?" ಎಂದು ಅರ್ಜಿದಾರಳು ಹೇಳಿದಳು. ಹೀಗೆ ಹೇಳಿದ್ದಕ್ಕೆ ಆಕೆಗೆ ಇಂದಿಗೂ ವಿಷಾದವಿಲ್ಲ ಎಂಬುದನ್ನು ದಾಖಲಿಸಿಕೊಳ್ಳಬೇಕು.

4. ಮಹಾಸಭೆಯಲ್ಲಿ ನಡೆದದ್ದನ್ನು ತಾವು ಕಣ್ಣಾರೆ ಕಂಡಿದ್ದೀರಿ. ಆದರೂ ಕಡತದ ಸಲುವಾಗಿ ಹೇಳುವುದಾದರೆ, ಮೊದಲ ಸ್ವಲ್ಪ ಹೊತ್ತು ಎಲ್ಲರಿಗೂ ಸಂತೋಷವೇ. ಅಕ್ಷರ ಬಾರದ ಹೆಂಗಸರು ಬೆರಳಿಟ್ಟು ಇಟ್ಟಿಗೆ ಎಣಿಸಿದರು. ಅಷ್ಟರಲ್ಲಿ ಮಾರ್ಕಯನ್‌ಕೋಟ್ಟೈನ ಕಾಳಿಮುತ್ತು ಅವರು ಎದ್ದು ನಿಂತು, "ಏನಮ್ಮಾ, ಅವ್ರಿಗೆಲ್ಲಾ ತಲೆ ಇದೆ, ನಮ್ಗೆ ಮಟ್ಟುಂ ಬೋಳಾ? ತವರುಮನೆ ಲೆಕ್ಕ-ಕಣಕ್ಕು ಚೆನ್ನಾಗಿ ಬರ್ದಿದೀಯೆ!" ಎಂದರು. ಎಂದವರು ಸುಮ್ಮನೆ ಕೂರದೆ, ಜೇಬಿನ ಪೆನ್ನು ತೆಗೆದು ಆ ಇಟ್ಟಿಗೆಗೆ ತಾವೇ ಎರಡು ಉಬ್ಬು ಬರೆದರು. ಕೂಡಲೇ ಹನುಮಂತನಪಟ್ಟಿಯ ಒಬ್ಬರು ಬಂದು ತಮ್ಮ ಕಂಬದ ಮೇಲೆ ಇಡೀ ಇಟ್ಟಿಗೆಯನ್ನೇ ಬರೆದರು. ಹೀಗೆ ಎರಡೂ ಊರು ಹಾಳೆ ದಾಟಿ, ಗೋಡೆ ಹತ್ತಿ, ಸಂಘದ ಕ್ಯಾಲೆಂಡರಿನ ತನಕ ದ್ರಾಕ್ಷಿ ಬೆಳೆದವು. ತಾವು ಮೇಜು ಕುಟ್ಟಿದಿರಿ, ಕೋಣೆಗೆ ಬೀಗ ಹಾಕಿದಿರಿ, ಕೊರತೆ ಬಿದ್ದ ದ್ರಾಕ್ಷಿ ಎಲ್ಲಿಗೆ ಹೋಯಿತೆಂದು ಹುಡುಕಲು ತಮ್ಮದೇ ಮುಂದಾಳತ್ವದಲ್ಲಿ ಸಮಿತಿ ನೇಮಿಸಿದಿರಿ.

5. ಅರ್ಜಿದಾರಳು ಮನೆಗೆ ಬಂದಾಗ ಅತ್ತೆ ತಂಗಮ್ಮಾಳ್ ಅವರು ಬಾಗಿಲಲ್ಲೇ ಇದ್ದರು. ಸುದ್ದಿ ಆಕೆಗಿಂತ ಮೊದಲು ಮನೆ ಸೇರಿತ್ತು.

"ಉಟ್ಟಿದ ಊರಿಗೆ ತಲೆ ಇಟ್ಟೆ, ಬಾಳೋ ಊರಿಗೆ ತಲೆ ಕೊಯ್ದೆ. ನಲ್ಲಾ ಇರು ತಾಯಿ" ಎಂದು ಹೇಳಿ ಅವರು ಸೊಸೆಯೊಂದಿಗೆ ಮಾತು ಬಿಟ್ಟರು. ಆಮೇಲೆ ಮನೆಯ ವ್ಯವಹಾರವೆಲ್ಲ ಮೊಮ್ಮಗಳ ಮೂಲಕ ನಡೆಯಿತು: "ನಿಮ್ಮಮ್ಮನ್ನ ಕೇಳು ಕಣ್ಣು, ಸಾರು ಬೇಕಾಂತ." ಮಗು ಕೇಳುವುದು, ಅರ್ಜಿದಾರಳು ಬೇಕೆನ್ನುವುದು, ಮಗು ಆಟದ ಭರದಲ್ಲಿ ಹೋಗಿ ಬೇಡವಂತೆ ಎಂದು ತಿಳಿಸುವುದು. ಆದ್ದರಿಂದ ಅರ್ಜಿದಾರಳು ಹಲವು ಹೊತ್ತು ಸಾರಿಲ್ಲದೆ ಉಂಡಳು. ಅದಾದರೂ ಸಹಿಸಬಹುದು. ಇಷ್ಟು ವರ್ಷ ಇದೇ ಒಲೆಯ ಮುಂದೆ ಬೆಂದವಳಿಗೆ ಒಂದು ಚಿತ್ರದ ದೆಸೆಯಿಂದ ತಾನು ಇನ್ನೂ ಬೇರೆ ಊರಿನವಳು ಎಂದು ತಿಳಿಯಬೇಕಾಗಿ ಬಂತು. ತವರಿಗೆ ಹೋದರೆ ಅಲ್ಲಿಯವರೂ, "ನಿಮ್ ಊರೋರು ಏನಂತಾರೆ?" ಎಂದು ಕೇಳಿದರು. ಈ ಸಂಗತಿಗೆ ನಕ್ಷೆ ಲಗತ್ತಿಸಿಲ್ಲ.

6. ಹೀಗಿರುವಾಗ ವೇದಸಂದೂರಿಗೆ ಕೊಟ್ಟ ನಾದಿನಿ ಸರಸು ಬಸ್ಸಿಳಿದು ಬಂದಳು. ಅವಳ ಹಿಂದೆಯೇ ಕಂಡಕ್ಟರು ಒಂದು ಗೋಪುರದಷ್ಟು ಖಾಲಿ ಬುಟ್ಟಿಗಳನ್ನು ಇಳಿಸಿದ. ಅಂಗಳದಲ್ಲೇ ಅವಳು ಕೂಗಿ ಹೇಳಿದಳು: "ಅಮ್ಮಾ, ನೀ ಕಳ್ಸಿದ್ ದ್ರಾಕ್ಷಿ ನಮ್ ಬೀದಿಗೆಲ್ಲಾ ಕೊಟ್ಟೆ. ಮಿಲ್ಲಿನ ಎಂಗಸ್ರೆಲ್ಲಾ, ಇನ್ನೂ ಇದ್ಯಾ ಅಂತ ಕೇಳ್ತಾರೆ!"

ಅತ್ತೆಯವರು ಬುಟ್ಟಿಗಳನ್ನು ನೋಡಿದರು. ಕಣ್ಣನ್ ಅಮ್ಮನನ್ನು ನೋಡಿದರು. ಅರ್ಜಿದಾರಳು ನೆಲ ನೋಡಿದಳು, ಏಕೆಂದರೆ ನಗು ಬರುತ್ತಿತ್ತು. ಸಂಘದ ಲಾರಿಗೆ ಹೋಗಬೇಕಾದ ದ್ರಾಕ್ಷಿಯನ್ನು ಮಗಳ ಮೇಲಿನ ಆಸೆಗೆ ಅತ್ತೆಯವರು ಚಪ್ಪರದಿಂದಲೇ ಬಸ್ಸಿಗೆ ಹಾಕಿ ಕಳಿಸಿದ್ದರು.

ಬಹಳ ಹೊತ್ತಿನ ಮೇಲೆ ಅವರು ಸೊಸೆಯ ಪಕ್ಕ ಬಂದು ಕೂತು, ಮಗುವನ್ನು ಕರೆಯದೆ, ನೇರವಾಗಿ ಹೇಳಿದರು: "ಆ ತಲೆ ನಾನೇ ತಿಂದೆ ಪುಳ್ಳೆ. ನಿನ್ನ ಬೈದೆ."

"ಓಗ್ಲಿ ಬಿಡಿ ಅತ್ತೆ."

"ಯಾಕೆ ಬಿಡ್ಬೇಕು? ಸಂಘದ ತಲೈವರಿಗೆ ಬರಿ. ನನ್ ಎಸ್ರೂ ಬರಿ. ಒಂದೂ ಬಿಡ್ದೆ ಎಲ್ಲಾ ಬರಿ."

ಅಂದು ಅವರು ಸಾರನ್ನು ತಾವೇ ಬಡಿಸಿದರು, ಬೇಕೇ ಎಂದು ಕೇಳದೆ.

7. ಆದ್ದರಿಂದ, ಕೊರತೆಯ ಕಾರಣ ಮನೆಯೊಳಗೇ ಸಿಕ್ಕಿರುವುದರಿಂದ, ಹಾಗೂ ಕಂಪ್ಯೂಟರು ತಪ್ಪು ಮಾಡಿಲ್ಲವಾದ ಕಾರಣ, ಕೋಣೆಯ ಬೀಗದ ಕೈಯನ್ನು ಅರ್ಜಿದಾರಳಿಗೆ ಹಿಂದಿರುಗಿಸಬೇಕೆಂದೂ, ಮುಂದಿನ ಮಹಾಸಭೆಗೆ ಸದಸ್ಯರು ಪೆನ್ನು ತರಬಾರದೆಂದು ಸುತ್ತೋಲೆ ಹೊರಡಿಸಬೇಕೆಂದೂ, ವಿಚಾರಣಾ ಸಮಿತಿಯನ್ನು ತಕ್ಷಣ ವಿಸರ್ಜಿಸಬೇಕೆಂದೂ ಕೋರಲಾಗಿದೆ.

ತಮ್ಮ ತೀರ್ಮಾನವನ್ನೂ ಬೀಗದ ಕೈಯನ್ನೂ ಎದುರು ನೋಡುತ್ತಿರುವ
ತಮ್ಮ ವಿಶ್ವಾಸಿ,
ಮಣಿಮೇಗಲೈ

ಲಗತ್ತುಗಳು:
ಅ) ಸದಸ್ಯರು ಪೆನ್ನು ಮುಟ್ಟಿಸುವ ಮುಂಚಿನ ನಕ್ಷೆ, ಒಂದು ಪ್ರತಿ.
ಆ) ಅತ್ತೆ ತಂಗಮ್ಮಾಳ್ ಅವರ ಹೆಬ್ಬೆಟ್ಟಿನ ಗುರುತು.

ವಿಶೇಷ ಸೂಚನೆ: ಸಮಿತಿಯ ವಿಸರ್ಜನೆಗೆ ತಾವು ಕಾರಣ ಕೇಳಬಹುದಾದ್ದರಿಂದ ತಿಳಿಸುವುದೇನೆಂದರೆ, ಬುಟ್ಟಿಗಳನ್ನು ಎಣಿಸುವಾಗ ಒಂದು ಕಡಿಮೆ ಬಂದಿದೆ. ಅತ್ತೆಯವರ ಹೇಳಿಕೆಯಂತೆ ಅದು ವೇದಸಂದೂರಿಗೆ ಹೋದದ್ದಲ್ಲ; ತಮ್ಮ ಮೊಮ್ಮಗಳಿಗೆ ಹೆಸರಿಟ್ಟ ದಿನ ದ್ರಾಕ್ಷಿ ತುಂಬಿಕೊಂಡು ತಮ್ಮ ಮನೆಗೆ ಬಂದದ್ದು. ಬುಟ್ಟಿ ಖಾಲಿಯಾಗಿದ್ದಲ್ಲಿ ದಯವಿಟ್ಟು ಬೀಗದ ಕೈಯನ್ನು ಅದರಲ್ಲೇ ಹಾಕಿ ಕಳಿಸಿಕೊಡಬೇಕಾಗಿ ವಿನಂತಿ.