ಅರವತ್ತು ನಾಗೇಶರು

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವನಿಗೆ ಒಂದೇ ವೇದವಾಕ್ಯ: ಸ್ಯಾಂಪಲ್ ಹೇಗಿದೆಯೋ ಹಾಗೆ ಹೊಲಿ. ಮೊಣಕಾಲು ಹರಿದ ಸ್ಯಾಂಪಲ್ ಬಂದರೆ ಅಷ್ಟೇ ಉದ್ದ, ಅಷ್ಟೇ ಅಗಲ ಹರಿಯಬೇಕು. ಅದು ಫ್ಯಾಷನ್! ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ದುಡಿದು ಬಂದ ನನಗೆ ಈ ವಿದ್ಯೆಯಲ್ಲಿ ಸರಿಸಾಟಿ ಯಾರೂ ಇಲ್ಲ ಎಂಬುದು ನನ್ನ ವೈಯಕ್ತಿಕ ಅಭಿಪ್ರಾಯವಾಗಿತ್ತು.

ಊರಿಗೆ ಮರಳಿ ನಾಲ್ಕು ಮಿಷನ್ ಹಾಕಿ ಸ್ವಂತ ಯೂನಿಟ್ ತೆರೆದಿದ್ದೆ. ಆರ್ಡರ್ ಮಾತ್ರ ಇಲ್ಲ. ಒಂದಾದರೂ ಸಿಗದಿದ್ದರೆ ಹೆಂಡತಿ ಮಕ್ಕಳನ್ನು ಬಿಟ್ಟು ಮತ್ತೆ ಬೆಂಗಳೂರಿನ ಬಸ್ಸು ಹತ್ತುವುದೇ ಗತಿ. ಆಗ ಬಂದರು ಏಜೆಂಟ್ ತಿಪ್ಪೇಸ್ವಾಮಿ.

“ಗೋದಾವರಿ ಕಡಿ ನೆಲದಾಗ ಎಣ್ಣಿ ತಗಿಯಾಕ ಬಾವಿ ಕೊರಿಯಾಕ ಹತ್ಯಾರ್ರಿ. ಒಮ್ಮಿಗೇ ಕೊರಿಯೋ ರಿಗ್ಗು ಜಾಸ್ತಿ ಆಗ್ಯಾವ, ಕೆಲಸದವ್ರಿಗೆ ಬಟ್ಟಿ ಸಿಗವಲ್ದು. ದೊಡ್ಡ ಫ್ಯಾಕ್ಟ್ರಿಯವ್ರು ಮೂರು ತಿಂಗ್ಳು ಕಾಯ್ರಿ ಅಂತಾರ. ಹತ್ತು ದಿನದಾಗ ಅರವತ್ತು ಪೀಸ್ ಆಗತಾವೇನ್ರಿ? ಚಲೋ ಬಂದ್ರ ಮುಂದಿನ ಆರ್ಡರೆಲ್ಲಾ ನಿಮ್ದ!”

“ಸ್ಯಾಂಪಲ್ ಕೊಡ್ರಿ, ಕಣ್ಣು ಮುಚ್ಚಿ ಹೊಲಿತೀನಿ!” ಎಂದೆ. ಹಾಗೆಯೇ ಆಯಿತು.

ಸ್ಯಾಂಪಲ್ ಅಂದರೆ ರಿಗ್ಗಿನ ಕೆಲಸದವನೊಬ್ಬ ಹಾಕಿ ಬಿಟ್ಟ ನೀಲಿ ಉಡುಪು; ಅಂಗಿ, ಪ್ಯಾಂಟು ಎರಡೂ ಸೇರಿಸಿ ಹೊಲಿದದ್ದು. ಎಡ ಮೊಣಕಾಲು ಹರಿದಿತ್ತು. ಹಿಂದೆ ಒಂದು ತೇಪೆ. ಎದೆಯ ಮೇಲೆ ಕೆಂಪು ದಾರದಲ್ಲಿ ‘ನಾಗೇಶ್’ ಎಂದು ಇಂಗ್ಲಿಷಿನಲ್ಲಿ ಕಸೂತಿ. ಬ್ರ್ಯಾಂಡ್ ಇರಬೇಕು ಅಂದುಕೊಂಡೆ.

ನನ್ನ ಹೆಂಡತಿ ಮಂಜುಳಾ ಮಡಕಶಿರದ ಕಡೆಯವಳು. “ರೀ, ನಾಗೇಶ್ ಅಂತ ಕಂಪ್ನಿ ಎಲ್ಲಾನಾ ಐತಾ? ಒಂದ್ ಮಾತು ಫೋನ್ ಮಾಡಿ ಕೇಳ್ರಿ.”

“ಸುಮ್ನಿರು! ಫ್ಯಾಷನ್ ಬಗ್ಗೆ ನಿನಗೇನು ಗೊತ್ತು?”

ಹತ್ತನೆಯ ದಿನ ಸರಕು ಸಿದ್ಧ. ಅರವತ್ತು ಮೊಣಕಾಲುಗಳನ್ನು ಟೇಪು ಹಿಡಿದು ಹರಿದಿದ್ದೆವು! ತಿಪ್ಪೇಸ್ವಾಮಿ ಒಂದು ಪೀಸ್ ಬಿಡಿಸಿ ನೋಡಿದರು. ಎರಡನೆಯದು ನೋಡಿದರು. ಮೂರನೆಯದಕ್ಕೆ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

“ಏನ್ರಿ ಇದು? ಒಬ್ಬಪ್ಪಗ ಅರವತ್ತು ಮಕ್ಳಾಗಿ ಎಲ್ಲಾರಿಗೂ ನಾಗೇಶ ಅಂತ ಹೆಸ್ರಿಟ್ಟಾನೇನ್ರಿ? ಮತ್ತ ಇದು ಯಾಕ ಹರದೈತಿ?”

“ಸ್ಯಾಂಪಲ್ಲಿನಾಗ ಹಂಗ ಇತ್ತಲ್ರಿ!”

“ಅಲ್ಲಿ ಕಿಡಿ ಹಾರ್ತಾವ್ರಿ, ಮಾರಾಯ್ರ! ಮೈ ಮುಚ್ಚಾಕ ಕೇಳಿದ್ರ ಕಿಟಕಿ ಇಟ್ಟೀರಲ್ರಿ!”

ಕಾಡಿ ಬೇಡಿ ಇನ್ನೂ ನಾಲ್ಕು ದಿನದ ಗಡುವು ಕೇಳಿಕೊಂಡೆ. ಮೊಣಕಾಲಿಗೆಲ್ಲ ದಪ್ಪ ಬಟ್ಟೆ ಕೊಟ್ಟು ಹೊಲಿದೆವು. ಅರವತ್ತು ಎದೆಗಳಿಂದ ನಾಗೇಶನನ್ನು ಎಳೆ ಎಳೆಯಾಗಿ ಬಿಚ್ಚಿದೆವು. ಕೊನೆಯ ಎಳೆ ಬಿಚ್ಚುವಾಗ ತಿಪ್ಪೇಸ್ವಾಮಿಯವರ ಫೋನ್ ಬಂತು.

“ರಿಗ್ಗಿಗೆ ಪೈಪ್ ಎಲ್ಲೂ ಸಿಗವಲ್ದಂತ್ರಿ. ಕೆಲ್ಸ ನಿಂತೈತಿ, ಮಂದೀನೆಲ್ಲಾ ಊರಿಗೆ ಕಳಿಸ್ಯಾರ. ಈಗ ಒಂದ ಪೀಸ್ ಸಾಕಂತ, ಕಾವಲಿಗೆ ಒಬ್ಬನ್ನ ಉಳಿಸ್ಕೊಂಡಾರ.”

“ಯಾರ್ನ್ರಿ?”

“ನಾಗೇಶನ್ನ!”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅತ್ತುಬಿಟ್ಟೆ. ಆ ಒಂದು ಪೀಸಿಗೆ ಮತ್ತೆ ಹೆಸರು ಹೊಲಿದು ಕಳಿಸಿ, ಬೆಂಗಳೂರಿಗೆ ಹೊರಡಲು ಬ್ಯಾಗ್ ತುಂಬಿದೆ.

ಮಂಜುಳಾ ಕತ್ತರಿ ಹಿಡಿದು ಐವತ್ತೊಂಬತ್ತನ್ನೂ ಸೊಂಟಕ್ಕೆ ಸರಿಯಾಗಿ ಕತ್ತರಿಸಿದಳು. ಮೇಲಿನದು ಅಂಗಿ, ಕೆಳಗಿನದು ಪ್ಯಾಂಟು! ಅಂಚು ಹೊಲಿದು ಗಂಟು ಕಟ್ಟಿ ಮಡಕಶಿರದ ಸಂತೆಗೆ ಒಯ್ದಳು. ಮಧ್ಯಾಹ್ನದ ಹೊತ್ತಿಗೆ ಗಂಟು ಖಾಲಿ.

“ಕಳೆ ಕೀಳಾಕೆ ಮೊಣಕಾಲು ಗಟ್ಟಿ ಐತೆ ಅಂತ ಕೇಳಿ ಕೇಳಿ ತಗಂಡ್ರು ಕಣ್ರೀ. ಇನ್ನೂ ಬೇಕಂತೆ!”

ಬ್ಯಾಗ್ ಬಿಚ್ಚಿದೆ. ಈಗ ಯೂನಿಟ್ ನಡೆಸುವವಳು ಅವಳೇ. ನನಗೂ ಒಂದು ಜವಾಬ್ದಾರಿಯ ಹುದ್ದೆ ಕೊಟ್ಟಿದ್ದಾಳೆ: ಹೊಲಿದ ಪ್ಯಾಂಟುಗಳಲ್ಲಿ ಉಳಿದ ದಾರದ ತುದಿ ಕತ್ತರಿಸುವುದು. ಸಂಜೆ ಅದನ್ನೂ ಅವಳು ಇನ್ನೊಮ್ಮೆ ನೋಡುತ್ತಾಳೆ!